ಬೋರ್ ನೀರಿನ ಮನೆಯಲ್ಲಿ ಹಳೆ ಗೀಸರ್: ದೋಷ ಹುಡುಕುವುದು ಹೇಗೆ?

ದೀಪಾವಳಿಯ ನೀರು ತುಂಬುವ ಹಬ್ಬ ಹತ್ತಿರ ಬಂತೆಂದರೆ ನಮ್ಮ ರಾಯಚೂರಿನಲ್ಲಿ ಎಲೆಕ್ಟ್ರಿಷಿಯನ್‌ಗಳಿಗೆ ಬಿಡುವಿರುವುದಿಲ್ಲ. ಮಾರ್ಚ್ ಬಂದ ಮೇಲೆ ಇಲ್ಲಿ ಗೀಸರ್ ಯಾರಿಗೂ ಬೇಡ. ಮಾಳಿಗೆ ಮೇಲಿನ ಟ್ಯಾಂಕಿನ ನೀರೇ ಮಧ್ಯಾಹ್ನಕ್ಕೆ ಕೈಯಿಡಲಾಗದಷ್ಟು ಕಾದಿರುತ್ತದೆ. ತಿಂಗಳುಗಟ್ಟಲೆ ಸುಮ್ನೆ ನಿಂತ ಗೀಸರಿನ ಸ್ವಿಚ್ಚನ್ನು ಹಬ್ಬದ ಬೆಳಗಿನ ಜಾವ ಒತ್ತುತ್ತೇವೆ. ಒಂದು ಮನೆಯಲ್ಲಿ ನೀರು ಕಾಯುವುದಿಲ್ಲ. ಇನ್ನೊಂದು ಮನೆಯಲ್ಲಿ ಎಂಸಿಬಿ (ಬೋರ್ಡಿನಲ್ಲಿ ತಾನಾಗಿ ಬಿದ್ದು ಕರೆಂಟ್ ಕಡಿಯುವ ಸ್ವಿಚ್) ಬೀಳುತ್ತದೆ. ಮತ್ತೊಂದರಲ್ಲಿ ಗೀಸರಿನ ಕೆಳಗಿನಿಂದ ನೀರು ತೊಟ್ಟಿಕ್ಕುತ್ತದೆ.

ಗೀಸರ್ ಹಳೆಯದಾಗಿದ್ದರೆ ಅಂಗಡಿಯವರು "ಹೊಸದು ತಗೊಳ್ರಿ" ಎನ್ನುವುದು ಸಹಜ. ಆದರೆ ನಮ್ಮ ಕಡೆ ಇಂಥ ತೊಂದರೆಗಳಲ್ಲಿ ಹೆಚ್ಚಿನವು ಗೀಸರಿನಿಂದ ಹುಟ್ಟಿದವಲ್ಲ. ಬೋರ್ ನೀರಿನ ಸುಣ್ಣದಿಂದ, ಕಡಿಮೆ ವೋಲ್ಟೇಜಿನಿಂದ, ಒಣಗಿದ ಅರ್ಥಿಂಗ್ ಗುಂಡಿಯಿಂದ ಹುಟ್ಟಿದವು. ಅದಕ್ಕೇ ನಾನು ಹೇಳುವ ಕ್ರಮ ಇದು: ಮೊದಲು ನೀರು ನೋಡಿ, ಆಮೇಲೆ ಕರೆಂಟು ನೋಡಿ, ಕೊನೆಗೆ ಗೀಸರ್ ಬಿಚ್ಚಿ. ಈ ಕ್ರಮ ತಪ್ಪಿದರೆ ನೀರು ಕಾಯಿಸುವ ಚೆನ್ನಾಗಿರುವ ಕಾಯಿಲನ್ನು ಬಿಸಾಡಿ ಹೊಸದು ಹಾಕುತ್ತೀರಿ. ಆರು ತಿಂಗಳಿಗೆ ಅದೂ ಹೋಗುತ್ತದೆ.

ಇಲ್ಲಿ ಹೇಳುತ್ತಿರುವುದು ಗೋಡೆಗೆ ತೂಗುಹಾಕಿದ 10, 15, 25 ಲೀಟರಿನ ಕರೆಂಟ್ ಗೀಸರ್ ಬಗ್ಗೆ. ಗ್ಯಾಸ್ ಗೀಸರ್ ಬಗ್ಗೆ ಕೊನೆಯಲ್ಲಿ ಸ್ವಲ್ಪ ಹೇಳಿದ್ದೇನೆ.

ಕೈ ಹಾಕುವ ಮುಂಚೆ

ಗೀಸರಿನ ಸ್ವಿಚ್ ಆಫ್ ಮಾಡಿದರೆ ಸಾಲದು. ಪ್ಲಗ್ ಕಿತ್ತು ಹೊರಗೆ ಇಡಿ. ಪ್ಲಗ್ ಇಲ್ಲದೆ ನೇರ ವೈರ್ ಕೊಟ್ಟಿದ್ದರೆ ಬೋರ್ಡಿನಲ್ಲಿ ಆ ಲೈನಿನ ಎಂಸಿಬಿ ಕೆಳಗಿಳಿಸಿ. ಬೇರೆಯವರು ಬಂದು ಅದನ್ನು ಮೇಲೆತ್ತದಂತೆ ಮನೆಯಲ್ಲಿ ಎಲ್ಲರಿಗೂ ಹೇಳಿಬಿಡಿ. ಹಳೆ ಮನೆಗಳಲ್ಲಿ ಸ್ವಿಚ್ ಫೇಸ್ ಬದಲು ನ್ಯೂಟ್ರಲ್ ಮೇಲೆ ಕೂತಿರುವುದುಂಟು. ಆಗ ಸ್ವಿಚ್ ಆಫ್ ಇದ್ದರೂ ಕಾಯಿಲಿನ ತುದಿಯಲ್ಲಿ ಕರೆಂಟ್ ಇರುತ್ತದೆ.

ಬರಿಗಾಲಲ್ಲಿ, ಒದ್ದೆ ನೆಲದ ಮೇಲೆ ನಿಂತು ಈ ಕೆಲಸ ಬೇಡ. ನೀರು ಕಾದಿದ್ದರೆ ಆರಲು ಬಿಡಿ. 60 ಡಿಗ್ರಿ ನೀರು ಮೈಮೇಲೆ ಬಿದ್ದರೆ ಕೆಲವೇ ಸೆಕೆಂಡಿನಲ್ಲಿ ಚರ್ಮ ಸುಡುತ್ತದೆ.

ನಳ ಮುಟ್ಟಿದಾಗ ಅಥವಾ ಶವರ್ ನೀರಿನಲ್ಲಿ ಜುಮ್ ಎಂದರೆ ಮುಂದಿನದು ಯಾವುದನ್ನೂ ನೀವು ಮಾಡಬೇಡಿ. ಮೇನ್ ಆಫ್ ಮಾಡಿ, ಎಲೆಕ್ಟ್ರಿಷಿಯನ್ ಬರುವ ತನಕ ಆ ಬಚ್ಚಲು ಬಳಸಬೇಡಿ. "ಸ್ವಲ್ಪ ಜುಮ್ ಅಂತದ, ಏನಾಗಲ್ಲ" ಎನ್ನುವ ಮಾತನ್ನು ಎಷ್ಟೋ ಮನೆಗಳಲ್ಲಿ ಕೇಳಿದ್ದೇನೆ. ಅದು ಪ್ರಾಣದ ಜೊತೆ ಆಟ. ಒದ್ದೆ ಮೈಗೆ ಸಣ್ಣ ಸೋರಿಕೆ ಕರೆಂಟೂ ಸಾಕು.

ಒಳಗೆ ಇರುವುದು ಇಷ್ಟೇ

ಒಂದು ಟ್ಯಾಂಕ್. ಅದರ ಕೆಳಗೆ ಮುಚ್ಚಳದಂಥ ಫ್ಲಾಂಜ್, ಅದಕ್ಕೆ ಕೂಡಿಸಿದ ಕಾಯಿಲ್. ನೀರಿನ ಬಿಸಿ ನೋಡಿ ಕರೆಂಟ್ ಹಾಕಿ ತೆಗೆಯುವ ಥರ್ಮೋಸ್ಟ್ಯಾಟ್. ಥರ್ಮೋಸ್ಟ್ಯಾಟ್ ಕೈಕೊಟ್ಟು ನೀರು ಮಿತಿ ಮೀರಿ ಕಾದರೆ ಕರೆಂಟ್ ಕಡಿಯುವ ಕಟ್‌ಔಟ್, ಅದರ ಮೇಲೊಂದು ಪುಟ್ಟ ಗುಂಡಿ. ತಣ್ಣೀರು ಬರುವ ಪೈಪಿನಲ್ಲಿ ಒತ್ತಡ ಹೊರಬಿಡುವ ವಾಲ್ವ್. ಟ್ಯಾಂಕ್ ತುಕ್ಕು ಹಿಡಿಯದಂತೆ ತಾನು ಕರಗುವ ಮೆಗ್ನೀಶಿಯಂ ರಾಡ್. ಇದರಲ್ಲಿ ಟ್ಯಾಂಕ್ ಬಿಟ್ಟು ಉಳಿದದ್ದೆಲ್ಲ ಬದಲಿಸಬಹುದು. ಹೆಚ್ಚಿನವು ಕೆಲವು ನೂರು ರೂಪಾಯಿಗಳಲ್ಲಿ ಸಿಗುತ್ತವೆ.

ನೀರು ಕಾಯುತ್ತಲೇ ಇಲ್ಲ

ಮೊದಲು ಬಿಸಿನೀರಿನ ನಳ ತಿರುಗಿಸಿ. ನೀರು ಧಾರೆಯಾಗಿ ಬರುತ್ತದೆಯೇ? ನಾಲ್ಕೈದು ದಿನಕ್ಕೊಮ್ಮೆ ನೀರು ಬಿಡುವ ಓಣಿಗಳಲ್ಲಿ ಮೇಲಿನ ಟ್ಯಾಂಕ್ ಖಾಲಿಯಾಗಿ ಗೀಸರ್ ಒಳಗೂ ಗಾಳಿ ತುಂಬಿರುತ್ತದೆ. ನೀರಿಲ್ಲದೆ ಆನ್ ಮಾಡಿದರೆ ಕಾಯಿಲ್ ಸುಟ್ಟುಹೋಗುತ್ತದೆ. ಟ್ಯಾಂಕ್ ತುಂಬಿದ ಮೇಲೂ ಬಿಸಿನೀರಿನ ನಳ ತೆರೆದಿಟ್ಟು, ಬುಸುಬುಸು ಗಾಳಿಯೆಲ್ಲ ಹೋಗಿ ಒಂದೇ ಸಮನೆ ನೀರು ಬಂದ ಮೇಲೆಯೇ ಸ್ವಿಚ್ ಹಾಕಬೇಕು. ಈ ಒಂದು ರೂಢಿ ಮನೆಯಲ್ಲಿ ಎಲ್ಲರಿಗೂ ಬರಬೇಕು, ಮಕ್ಕಳಿಗೂ.

ನೀರು ಸರಿಯಿದೆ ಎಂದಾದರೆ ಸಾಕೆಟ್ ನೋಡಿ. ಟೆಸ್ಟರ್ ಹೊತ್ತಿತು ಎಂದ ಮಾತ್ರಕ್ಕೆ ಕರೆಂಟ್ ಸರಿಯಿದೆ ಎಂದಲ್ಲ. ನ್ಯೂಟ್ರಲ್ ಕಡಿದಿದ್ದರೂ ಟೆಸ್ಟರ್ ಹೊತ್ತುತ್ತದೆ. ಅದೇ ಸಾಕೆಟ್ಟಿಗೆ ಚೆನ್ನಾಗಿರುವ ಬೇರೆ ದೊಡ್ಡ ಪ್ಲಗ್ಗಿನ ಸಾಮಾನು ಹಾಕಿ ನಡೆಯುತ್ತದೆಯೇ ಪರೀಕ್ಷಿಸಿ. ಪ್ಲಗ್ಗಿನ ಪಿನ್ನು ಕಪ್ಪಾಗಿದೆಯೇ? ಸಾಕೆಟ್ ಕರಗಿದೆಯೇ? 2000 ವಾಟಿನ ಗೀಸರ್ 230 ವೋಲ್ಟಿನಲ್ಲಿ ಸುಮಾರು 8.7 ಆಂಪ್ ಎಳೆಯುತ್ತದೆ. ಸಡಿಲ ಸಾಕೆಟ್ ಅಷ್ಟು ತಡೆಯುವುದಿಲ್ಲ. 16 ಆಂಪಿನ ಸಾಕೆಟ್ಟೇ ಇರಬೇಕು, ತಾಮ್ರದ ವೈರ್ 4 ಚದರ ಮಿಲಿಮೀಟರ್ ಇದ್ದರೆ ಒಳ್ಳೆಯದು. ಎಕ್ಸ್‌ಟೆನ್ಶನ್ ಬೋರ್ಡಿನಲ್ಲಿ ಗೀಸರ್ ನಡೆಸುವುದಂತೂ ಬೇಡವೇ ಬೇಡ.

ಇನ್ನು ಗೀಸರಿನ ದೀಪಗಳು. ಕರೆಂಟಿನ ದೀಪ ಹೊತ್ತಿದೆ, ಕಾಯುವ ದೀಪ ಹೊತ್ತಿಲ್ಲ, ನೀರು ತಣ್ಣಗಿದೆ ಎಂದರೆ ಥರ್ಮೋಸ್ಟ್ಯಾಟ್ ಅಥವಾ ಕಟ್‌ಔಟ್ ಕಡೆ ಬೆರಳು ತೋರಿಸಬಹುದು. ಕಾಯುವ ದೀಪ ಹೊತ್ತಿದೆ, ಅರ್ಧ ಗಂಟೆಯಾದರೂ ನೀರು ತಣ್ಣಗೇ ಇದೆ ಎಂದರೆ ಕಾಯಿಲ್ ಕಡಿದಿದೆ. ಹಳೆ ಗೀಸರಿನಲ್ಲಿ ದೀಪವೇ ಹೋಗಿರಬಹುದು, ಆದ್ದರಿಂದ ಅದೊಂದನ್ನೇ ನಂಬಬೇಡಿ.

ಮಲ್ಟಿಮೀಟರ್ ಇದ್ದರೆ ಗೀಸರ್ ಬಿಚ್ಚದೆಯೇ ಅರ್ಧ ಉತ್ತರ ಸಿಗುತ್ತದೆ. ಪ್ಲಗ್ ಕಿತ್ತಿರಲಿ, ನೀರು ತಣ್ಣಗಿರಲಿ, ಥರ್ಮೋಸ್ಟ್ಯಾಟಿನ ಗುಬುಟು ಜಾಸ್ತಿ ಬಿಸಿಯ ಕಡೆ ತಿರುಗಿರಲಿ, ಗೀಸರಿನ ಮೈಮೇಲೆ ಸ್ವಿಚ್ ಇದ್ದರೆ ಆನ್ ಇರಲಿ. ಮೀಟರನ್ನು ಓಮ್‌ಗೆ ಇಟ್ಟು ಪ್ಲಗ್ಗಿನ ಫೇಸ್, ನ್ಯೂಟ್ರಲ್ ಪಿನ್ನುಗಳಿಗೆ ಕಡ್ಡಿ ತಾಗಿಸಿ. 2000 ವಾಟಿನ ಕಾಯಿಲಿಗೆ ಸುಮಾರು 26 ಓಮ್, 3000 ವಾಟಿಗೆ ಸುಮಾರು 18 ಓಮ್ ಬರಬೇಕು. ಬಂದರೆ ಒಳಗಿನ ದಾರಿ ಸರಿಯಿದೆ, ತೊಂದರೆ ಹೊರಗಿನ ಕರೆಂಟಿನದು. ಏನೂ ಬರದಿದ್ದರೆ ಒಳಗೆ ಎಲ್ಲೋ ಕಡಿದಿದೆ. ಆಮೇಲೆ ಫೇಸ್ ಪಿನ್ನಿಗೂ ಅರ್ಥ್ ಪಿನ್ನಿಗೂ, ನ್ಯೂಟ್ರಲ್ ಪಿನ್ನಿಗೂ ಅರ್ಥ್ ಪಿನ್ನಿಗೂ ಹಿಡಿಯಿರಿ. ಇಲ್ಲಿ ಮೀಟರ್ ಏನನ್ನೂ ತೋರಿಸಬಾರದು. ತೋರಿಸಿತೆಂದರೆ ಕರೆಂಟ್ ಗೀಸರಿನ ಮೈಗೆ ಸೋರುತ್ತಿದೆ. ಆ ಗೀಸರನ್ನು ಮತ್ತೆ ಪ್ಲಗ್ಗಿಗೆ ಹಾಕಬೇಡಿ.

ಕಡಿದಿದೆ ಎಂದು ಗೊತ್ತಾದರೆ ಕೆಳಗಿನ ಪ್ಲಾಸ್ಟಿಕ್ ಮುಚ್ಚಳದ ಸ್ಕ್ರೂ ತೆಗೆಯಿರಿ. ಕಟ್‌ಔಟಿನ ಗುಂಡಿ ಒತ್ತಿ. "ಟಕ್" ಎಂದು ಕೂತರೆ ಅದು ಹಾರಿತ್ತು ಎಂದರ್ಥ. ಮುಚ್ಚಳ ಹಾಕಿ ನಡೆಸಿ ನೋಡಿ. ಒಂದೆರಡು ದಿನದಲ್ಲಿ ಮತ್ತೆ ಹಾರಿದರೆ ತಪ್ಪು ಥರ್ಮೋಸ್ಟ್ಯಾಟಿನದು. ಅದರ ಪಾಯಿಂಟ್ ಅಂಟಿಕೊಂಡು ಕರೆಂಟ್ ಕಡಿಯುತ್ತಿಲ್ಲ. ಥರ್ಮೋಸ್ಟ್ಯಾಟ್ ಬದಲಿಸಿ. ಕೆಲವರು ಕಟ್‌ಔಟಿನ ಎರಡು ವೈರನ್ನು ನೇರ ಜೋಡಿಸಿ "ಆಯ್ತು ನೋಡ್ರಿ" ಎಂದು ಹೋಗುತ್ತಾರೆ. ಹಾಗೆ ಮಾಡಿಸಿಕೊಳ್ಳಲೇಬೇಡಿ. ಥರ್ಮೋಸ್ಟ್ಯಾಟ್ ಕೆಟ್ಟು, ಕಟ್‌ಔಟ್ ಇಲ್ಲದೆ, ವಾಲ್ವಿನಲ್ಲಿ ಸುಣ್ಣ ಕಟ್ಟಿದ್ದರೆ ಟ್ಯಾಂಕ್ ಒಡೆಯಬಹುದು. ಗೀಸರ್ ಸಿಡಿಯುವುದು ಈ ದಾರಿಯಿಂದಲೇ.

ಕಾಯುತ್ತದೆ, ಆದರೆ ತುಂಬಾ ನಿಧಾನ

ಇಲ್ಲಿ ಗೀಸರನ್ನು ಬೈಯುವ ಮುಂಚೆ ವೋಲ್ಟೇಜ್ ಅಳೆಯಿರಿ. 25 ಲೀಟರ್ ನೀರು 25 ಡಿಗ್ರಿಯಿಂದ 60ಕ್ಕೆ ಏರಲು ಒಂದು ಯೂನಿಟ್ ಕರೆಂಟ್ ಬೇಕು. 2000 ವಾಟಿನ ಕಾಯಿಲ್ ಸರಿಯಾದ 230 ವೋಲ್ಟಿನಲ್ಲಿ ಅದನ್ನು ಅರ್ಧ ಗಂಟೆಯಲ್ಲಿ ಮಾಡುತ್ತದೆ. ವೋಲ್ಟೇಜ್ 180ಕ್ಕೆ ಇಳಿದರೆ ಅದೇ ಕಾಯಿಲ್ ಬರೀ 1200 ವಾಟಿನಷ್ಟು ಕೆಲಸ ಮಾಡುತ್ತದೆ. ವೋಲ್ಟೇಜ್ ಇಳಿದದ್ದು ಸ್ವಲ್ಪ, ಶಾಖ ಇಳಿದದ್ದು ಜಾಸ್ತಿ. ಅರ್ಧ ಗಂಟೆಯ ಕೆಲಸಕ್ಕೆ ಐವತ್ತು ನಿಮಿಷ ಹಿಡಿಯುತ್ತದೆ.

ಲೈನಿನ ಕೊನೆಯಲ್ಲಿರುವ ಮನೆಗಳಲ್ಲಿ, ಪಂಪ್‌ಸೆಟ್ ಓಡುವ ಹೊತ್ತಿನಲ್ಲಿ, ಇದು ದಿನವೂ ಆಗುವಂಥದ್ದು. ಇದಕ್ಕೆ ದೊಡ್ಡ ಕಾಯಿಲ್ ಹಾಕಿಸುವುದು ಪರಿಹಾರವಲ್ಲ. ಹಳೆ ವೈರಿಂಗ್ ಅದನ್ನು ತಡೆಯದು. ಗೀಸರ್ ಹಾಕುವ ಹೊತ್ತು ಬದಲಿಸಿ, ಓಣಿಯವರೆಲ್ಲ ಸೇರಿ ಕರೆಂಟ್ ಕಂಪನಿಯ ಸಹಾಯವಾಣಿ 1912ಕ್ಕೆ ದೂರು ಕೊಡಿ. ವೋಲ್ಟೇಜ್ ಸರಿಯಿದ್ದೂ ನಿಧಾನವೆಂದರೆ ಕಾಯಿಲಿನ ಮೇಲೆ ಸುಣ್ಣ ಕಟ್ಟಿದೆ. ಅದರ ಬಗ್ಗೆ ಮುಂದೆ ಬರುತ್ತದೆ.

ಒಂದು ಬಕೆಟಿಗೇ ತಣ್ಣಗಾಗುತ್ತದೆ

ಬಿಸಿನೀರು, ತಣ್ಣೀರು ಬೆರೆಸಿ ಕೊಡುವ ಹಳೆ ಮಿಕ್ಸರ್ ನಳ ಇರುವ ಬಚ್ಚಲಿನಲ್ಲಿ ಈ ತೊಂದರೆ ಜಾಸ್ತಿ. ಪರೀಕ್ಷೆ ಬಹಳ ಸುಲಭ. ಗೀಸರಿಗೆ ತಣ್ಣೀರು ಹೋಗುವ ವಾಲ್ವ್ ಪೂರ್ತಿ ಬಂದ್ ಮಾಡಿ. ಈಗ ಬಿಸಿನೀರಿನ ನಳ ಮಾತ್ರ ತೆರೆಯಿರಿ. ಸ್ವಲ್ಪ ಹೊತ್ತಿಗೆ ನೀರು ನಿಲ್ಲಬೇಕು. ನಿಲ್ಲದೆ ಬರುತ್ತಲೇ ಇದ್ದರೆ ಮಿಕ್ಸರಿನೊಳಗಿನ ವಾಷರ್ ಸವೆದು ತಣ್ಣೀರು ಬಿಸಿನೀರಿನ ಪೈಪಿಗೆ ನುಗ್ಗುತ್ತಿದೆ. ಗೀಸರಿನಲ್ಲಿ ಯಾವ ದೋಷವೂ ಇಲ್ಲ. ಪ್ಲಂಬರ್ ಕರೆದು ಮಿಕ್ಸರಿನ ಒಳಭಾಗ ಬದಲಿಸಿದರೆ ಮುಗಿಯಿತು. ನೀರು ನಿಂತರೆ ಗೀಸರಿನ ಒಳಗೆ ಮೇಲ್ಭಾಗದ ಬಿಸಿನೀರು ಎಳೆಯುವ ಉದ್ದ ಕೊಳವೆ ಒಡೆದಿರಬಹುದು. ಅದು ಕಾಯಿಲ್ ತೆಗೆದಾಗ ಕಾಣುತ್ತದೆ.

ಎಂಸಿಬಿ ಬೀಳುತ್ತದೆ

ಬೀಳುತ್ತಿರುವುದು ಯಾವುದು ಎಂದು ಮೊದಲು ನೋಡಿ. ಎಂಸಿಬಿ ಬೀಳುವುದು ಶಾರ್ಟ್ ಆದಾಗ ಅಥವಾ ಲೋಡ್ ಜಾಸ್ತಿಯಾದಾಗ. ಟೆಸ್ಟ್ ಗುಂಡಿ ಇರುವ ಆರ್‌ಸಿಸಿಬಿ ಬೀಳುವುದು ಕರೆಂಟ್ ಎಲ್ಲಿಗೋ ಸೋರಿದಾಗ. ಮನೆಗೆ ಹಾಕುವ ಆರ್‌ಸಿಸಿಬಿ 30 ಮಿಲಿ ಆಂಪ್ ಸೋರಿಕೆಗೇ ಬೀಳುವಂಥದ್ದಿರಬೇಕು. ಅದು ಬಿದ್ದರೆ ಸಿಟ್ಟು ಮಾಡಿಕೊಳ್ಳಬೇಡಿ. ಅದು ನಿಮ್ಮ ಮನೆಯವರ ಜೀವ ಕಾಯುತ್ತಿದೆ. "ಪದೇಪದೇ ಬೀಳ್ತದ" ಎಂದು ಅದನ್ನು ತೆಗೆಸಿ ನೇರ ಕೊಡಿಸಿದ ಮನೆಗಳನ್ನು ಕಂಡಾಗ ನನಗೆ ನಿಜಕ್ಕೂ ಭಯವಾಗುತ್ತದೆ.

ಗೀಸರಿನ ಪ್ಲಗ್ ಕಿತ್ತು ಆರ್‌ಸಿಸಿಬಿ ಮೇಲೆತ್ತಿ. ನಿಂತರೆ ತಪ್ಪು ಗೀಸರಿನದೇ. ಆನ್ ಮಾಡಿದ ತಕ್ಷಣ ಬಿದ್ದರೆ ಕಾಯಿಲಿನ ಹೊರ ಕೊಳವೆ ಒಡೆದು ನೀರು ಒಳಗೆ ಹೋಗಿದೆ. ಐದು ಹತ್ತು ನಿಮಿಷ ನಡೆದು ಬಿದ್ದರೆ ಅದೇ ಕೊಳವೆಯಲ್ಲಿ ಕೂದಲೆಳೆಯ ಬಿರುಕು, ಕಾದಾಗ ತೆರೆದುಕೊಳ್ಳುತ್ತದೆ. ಇಂಥ ಸಣ್ಣ ಬಿರುಕು ಸಾಮಾನ್ಯ ಮಲ್ಟಿಮೀಟರಿನಲ್ಲಿ ಸಿಗದೇ ಹೋಗಬಹುದು. ಎಲೆಕ್ಟ್ರಿಷಿಯನ್ ಬಳಿ ಮೆಗ್ಗರ್ (ಸಣ್ಣ ಸೋರಿಕೆಯನ್ನೂ ಹಿಡಿಯುವ ಮೀಟರ್) ಇದ್ದರೆ ಸಿಗುತ್ತದೆ. ಇನ್ನೊಂದು ಸಾಧ್ಯತೆಯಿದೆ: ವಾಷರ್ ಸೋರಿ ಕಾಯಿಲಿನ ತುದಿಗಳ ಮೇಲೆ ನೀರು ಹನಿದಿರಬಹುದು. ಆಗ ಕಾಯಿಲ್ ಚೆನ್ನಾಗಿಯೇ ಇರುತ್ತದೆ. ವಾಷರ್ ಬದಲಿಸಿ, ಒಣಗಿಸಿ, ಮತ್ತೆ ಅಳೆಯಿರಿ.

ಅರ್ಥಿಂಗ್ ಬಗ್ಗೆ ಎರಡು ಮಾತು ಹೇಳಲೇಬೇಕು. ಬಳ್ಳಾರಿ, ರಾಯಚೂರಿನ ಬೇಸಿಗೆಗೆ ಅರ್ಥಿಂಗ್ ಗುಂಡಿಯ ಮಣ್ಣು ಪೂರ್ತಿ ಒಣಗುತ್ತದೆ. ಒಣ ಮಣ್ಣು ಕರೆಂಟನ್ನು ನೆಲಕ್ಕೆ ಬಿಡುವುದಿಲ್ಲ. ಗುಂಡಿಗೆ ಆಗಾಗ ನೀರು ಹಾಕಿ, ವರ್ಷಕ್ಕೊಮ್ಮೆ ಅಳತೆ ಮಾಡಿಸಿ. ಎರಡನೆಯದು, ಹಳೆ ಮನೆಗಳಲ್ಲಿ ಅರ್ಥ್ ವೈರೇ ಇಲ್ಲದೆ ಸಾಕೆಟ್ಟಿನ ಅರ್ಥ್ ಪಿನ್ನಿಗೆ ನ್ಯೂಟ್ರಲನ್ನು ಜೋಡಿಸಿರುತ್ತಾರೆ. ಆ ನ್ಯೂಟ್ರಲ್ ಎಲ್ಲೋ ಕಡಿದ ದಿನ ಗೀಸರಿನ ಇಡೀ ಮೈಗೆ 230 ವೋಲ್ಟ್ ಬರುತ್ತದೆ. ಸಾಕೆಟ್ ಬಿಚ್ಚಿಸಿ ಇದನ್ನು ಒಮ್ಮೆ ನೋಡಿಸಿಬಿಡಿ. ಅಲ್ಲಿಯವರೆಗೆ ನೀರು ಕಾದ ಮೇಲೆ ಪ್ಲಗ್ ಕಿತ್ತು ಆಮೇಲೆ ಜಳಕ ಮಾಡಿ.

ಸೋರುತ್ತಿದೆ

ಒಣ ಬಟ್ಟೆಯಿಂದ ಎಲ್ಲ ಒರೆಸಿ, ಹತ್ತು ನಿಮಿಷ ಬಿಟ್ಟು ನೋಡಿ. ಎಲ್ಲಿಂದ ಹನಿ ಹುಟ್ಟುತ್ತದೆ ಎಂಬುದರ ಮೇಲೆ ಎಲ್ಲವೂ ನಿಂತಿದೆ.

ಪೈಪ್ ಕೂಡುವ ಜಾಗದಲ್ಲಾದರೆ ವಾಷರ್ ಅಥವಾ ಟೆಫ್ಲಾನ್ ಟೇಪಿನ ಕೆಲಸ. ಮುಚ್ಚಳದ ಒಳಗಿನಿಂದಾದರೆ ಫ್ಲಾಂಜಿನ ರಬ್ಬರ್ ವಾಷರ್ ಗಟ್ಟಿಯಾಗಿದೆ. ಅದನ್ನು ಬದಲಿಸುವ ತನಕ ಕರೆಂಟ್ ಹಾಕಬೇಡಿ. ಗೀಸರಿನ ಹೊರಮೈಯ ಸಂದಿಯಿಂದ ಕೆಂಪು ತುಕ್ಕಿನ ನೀರು ಇಳಿಯುತ್ತಿದ್ದರೆ ಟ್ಯಾಂಕ್ ತೂತಾಗಿದೆ. ಒಳಗೆ ಗಾಜಿನ ಲೇಪವಿರುವ ಟ್ಯಾಂಕಿಗೆ ಬೆಸುಗೆ ನಿಲ್ಲುವುದಿಲ್ಲ. ತುಂಬಾ ಹಳೆಯ ತಾಮ್ರದ ಟ್ಯಾಂಕಾದರೆ ಬೆಸುಗೆ ಹಾಕಿಸಬಹುದು, ಕೊನೆಗೆ ಗುಜರಿಗೂ ಒಳ್ಳೆ ಬೆಲೆ ಬರುತ್ತದೆ.

ಒತ್ತಡದ ವಾಲ್ವಿನಿಂದ ಹನಿಯುವುದೇ ಜನರನ್ನು ಹೆಚ್ಚು ಗಾಬರಿ ಮಾಡುತ್ತದೆ. ನೀರು ಕಾದರೆ ಹಿಗ್ಗುತ್ತದೆ. 25 ಲೀಟರ್ ನೀರು 25ರಿಂದ 60 ಡಿಗ್ರಿಗೆ ಹೋಗುವಷ್ಟರಲ್ಲಿ ಸುಮಾರು ಮೂರನೇ ಒಂದು ಲೀಟರಿನಷ್ಟು ಹೆಚ್ಚುತ್ತದೆ. ಹಿಂದಕ್ಕೆ ಹೋಗಲು ದಾರಿಯಿಲ್ಲದಿದ್ದರೆ ಅದು ವಾಲ್ವಿನಿಂದ ಹೊರಬೀಳಲೇಬೇಕು. ಕಾಯುವಾಗ ಮಾತ್ರ ಹನಿದು ಆಮೇಲೆ ನಿಂತರೆ ಅದು ದೋಷವಲ್ಲ, ವಾಲ್ವ್ ಬದುಕಿದೆ ಎಂಬುದಕ್ಕೆ ಗುರುತು. ಒಂದು ಸಣ್ಣ ಪೈಪ್ ಹಾಕಿ ಮೋರಿಗೆ ಬಿಡಿ. ನೀರು ತಣ್ಣಗಿದ್ದಾಗಲೂ ಹಗಲೂ ರಾತ್ರಿ ಸೋರಿದರೆ ವಾಲ್ವಿನ ಬಾಯಲ್ಲಿ ಸುಣ್ಣ ಸಿಕ್ಕಿದೆ, ಇಲ್ಲವೇ ಪ್ರೆಶರ್ ಪಂಪಿನ ಒತ್ತಡ ಜಾಸ್ತಿಯಾಗಿದೆ. ವಾಲ್ವಿನ ಕಡ್ಡಿ ಎತ್ತಿ ಒಂದೆರಡು ಸಲ ರಭಸವಾಗಿ ನೀರು ಬಿಡಿ. ನಿಲ್ಲದಿದ್ದರೆ ಹೊಸ ವಾಲ್ವ್ ಹಾಕಿ. ಆದರೆ ಆ ತೂತಿಗೆ ಎಂ-ಸೀಲ್ ಮೆತ್ತುವುದು, ಬೆಣೆ ಹೊಡೆಯುವುದು ಮಾಡಬೇಡಿ. ಒತ್ತಡ ಹೊರಹೋಗಲು ಇರುವ ಬಾಗಿಲು ಅದೊಂದೇ.

ಗೊರಗೊರ ಸದ್ದು, ಮತ್ತು ಸುಣ್ಣ ತೆಗೆಯುವ ಕೆಲಸ

ನಮ್ಮ ಭಾಗದ ಗೀಸರಿಗೆ ನಿಜವಾದ ಕಾಟ ಇದೇ. ಬೋರ್ ನೀರಿನಲ್ಲಿ ಕರಗಿರುವ ಸುಣ್ಣದ ಅಂಶ, ನೀರು ಕಾದಾಗ ಕರಗಿ ಉಳಿಯಲಾರದೆ ಗಟ್ಟಿಯಾಗಿ ಕಾಯಿಲಿಗೆ ಅಂಟುತ್ತದೆ. ಪದರದ ಒಳಗೆ ಸಿಕ್ಕಿದ ನೀರು ಕುದಿದು ಗೊರಗೊರ ಎನ್ನುತ್ತದೆ. ಕಾಯಿಲಿನ ಶಾಖ ನೀರಿಗೆ ಹೋಗದೆ ಕಾಯಿಲಲ್ಲೇ ಉಳಿಯುತ್ತದೆ. ಕೊನೆಗೆ ಅದರ ಕೊಳವೆ ಸೀಳುತ್ತದೆ, ಆರ್‌ಸಿಸಿಬಿ ಬೀಳುತ್ತದೆ. ಸದ್ದು ಕೇಳಿದಾಗಲೇ ಕೈ ಹಾಕಿದರೆ ಕಾಯಿಲ್ ಉಳಿಯುತ್ತದೆ.

ಕುಡಿಯುವ ನೀರಿನ ಐಎಸ್ 10500 ಮಾನದಂಡದಲ್ಲಿ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದ ಕಡೆ 600ರವರೆಗೆ ನಡೆಯುತ್ತದೆ ಎಂದಿದೆ. ಸೋಪು ನೊರೆ ಬರದಿದ್ದರೆ, ಬಕೆಟಿನ ಅಂಚಿಗೆ ಬಿಳಿ ಕಟ್ಟುತ್ತಿದ್ದರೆ ನಿಮ್ಮದು ಗಡಸು ನೀರು. ಅಂಥ ಮನೆಯಲ್ಲಿ ವರ್ಷಕ್ಕೊಮ್ಮೆ, ಚಳಿ ಶುರುವಾಗುವ ಮುಂಚೆ, ಈ ಕೆಲಸ ಮಾಡಿಸಬೇಕು. ಕೈ ಪಳಗಿದವರು ತಾವೇ ಮಾಡಬಹುದು. ಇಲ್ಲದಿದ್ದರೆ ಮೆಕ್ಯಾನಿಕ್ ಪಕ್ಕ ನಿಂತು ಈ ಕ್ರಮದಲ್ಲಿ ನಡೆಯುತ್ತಿದೆಯೇ ನೋಡಿ.

1. ಪ್ಲಗ್ ಕಿತ್ತು, ನೀರು ಆರಿದ ಮೇಲೆ ಗೀಸರಿಗೆ ಬರುವ ತಣ್ಣೀರಿನ ವಾಲ್ವ್ ಬಂದ್ ಮಾಡಿ.

2. ಬಿಸಿನೀರಿನ ನಳ ತೆರೆದಿಡಿ. ಇದು ನೀರು ಖಾಲಿ ಮಾಡಲು ಅಲ್ಲ, ಗಾಳಿ ಒಳಗೆ ಹೋಗಲು. ಗೀಸರಿನ ನೀರು ಇಳಿಯುವುದು ತಣ್ಣೀರು ಬರುವ ದಾರಿಯಿಂದ. ಅಲ್ಲಿನ ಪೈಪ್ ಬಿಚ್ಚಿ ಅಥವಾ ಒತ್ತಡದ ವಾಲ್ವಿನ ಕಡ್ಡಿ ಎತ್ತಿ ಬಕೆಟಿಗೆ ಬಿಡಿ. ಇದನ್ನು ಬಿಟ್ಟು ಕಾಯಿಲ್ ಬಿಚ್ಚಿದರೆ ಅಷ್ಟೂ ನೀರು ತಲೆ ಮೇಲೆ.

3. ಮುಚ್ಚಳ ತೆಗೆದು, ವೈರುಗಳು ಎಲ್ಲೆಲ್ಲಿ ಇವೆ ಎಂದು ಫೋನಿನಲ್ಲಿ ಫೋಟೊ ತೆಗೆದುಕೊಳ್ಳಿ. ಆಮೇಲೆ ಬಿಡಿಸಿ. ಥರ್ಮೋಸ್ಟ್ಯಾಟಿನ ತೆಳ್ಳನೆ ತಾಮ್ರದ ಕೊಳವೆ ಮಡಚಿಕೊಳ್ಳದಂತೆ ಮೆಲ್ಲಗೆ ಎಳೆಯಿರಿ. ಅದು ಮುರಿದರೆ ಥರ್ಮೋಸ್ಟ್ಯಾಟ್ ಹೋಯಿತು.

4. ಫ್ಲಾಂಜಿನ ನಟ್ಟುಗಳನ್ನು ಸಡಿಲಿಸಿ ಕಾಯಿಲ್ ಇಳಿಸಿ. ಉಳಿದ ನೀರಿನ ಜೊತೆ ಸುಣ್ಣದ ಚಕ್ಕೆ ಬೀಳುತ್ತದೆ. ಟ್ಯಾಂಕಿನ ತಳದಲ್ಲಿರುವುದನ್ನು ಕೈಯಿಂದಲೇ ಬಾಚಿ ತೆಗೆಯಿರಿ. ಕಬ್ಬಿಣದ ಕಡ್ಡಿಯಿಂದ ಕೆರೆದರೆ ಒಳಗಿನ ಗಾಜಿನ ಲೇಪ ಎದ್ದು ಟ್ಯಾಂಕ್ ತುಕ್ಕು ಹಿಡಿಯುತ್ತದೆ.

5. ಒಂದು ಲೀಟರ್ ಉಗುರು ಬೆಚ್ಚನೆ ನೀರಿಗೆ 50ರಿಂದ 100 ಗ್ರಾಂ ನಿಂಬೆ ಉಪ್ಪು ಕರಗಿಸಿ. ಕಿರಾಣಿ ಅಂಗಡಿಯಲ್ಲಿ ಸಿಗುವ ಅದೇ ಹುಳಿ ಹರಳು. ಪ್ಲಾಸ್ಟಿಕ್ ಬಕೆಟಿನಲ್ಲಿ ಕಾಯಿಲಿನ ಲೋಹದ ಭಾಗ ಮಾತ್ರ ಮುಳುಗಿಸಿ, ವೈರ್ ಕೂಡುವ ತುದಿಗಳು ನೀರಿನ ಮೇಲಿರಲಿ. ನೊರೆ ಏಳುತ್ತದೆ. ಗಂಟೆ, ಎರಡು ಗಂಟೆ ಬಿಟ್ಟು ಪ್ಲಾಸ್ಟಿಕ್ ಬ್ರಷ್ಷಿನಿಂದ ಉಜ್ಜಿ. ಸಂಡಾಸು ತೊಳೆಯುವ ಆ್ಯಸಿಡ್ ಬಳಸಬೇಡಿ. ಸುಣ್ಣದ ಜೊತೆ ಕಾಯಿಲನ್ನೂ ತಿನ್ನುತ್ತದೆ, ಅದರ ಹೊಗೆ ಕಣ್ಣಿಗೂ ಎದೆಗೂ ಕೆಟ್ಟದ್ದು.

6. ಚೆನ್ನಾಗಿ ತೊಳೆದು ಒಣಗಿಸಿ. ಕೊಳವೆಯಲ್ಲಿ ಬಿರುಕು, ಕಪ್ಪು ಚುಕ್ಕೆ, ಉಬ್ಬು ಕಂಡರೆ ಕಾಯಿಲ್ ಬದಲಿಸಿ. ಹೊಸದು ತರಲು ಹೋಗುವಾಗ ಹಳೆಯದನ್ನು ಕೈಯಲ್ಲೇ ಒಯ್ಯಿರಿ. ಫ್ಲಾಂಜಿನ ಅಳತೆ, ತೂತುಗಳ ಜಾಗ, ಉದ್ದ ಎಲ್ಲ ಹೊಂದಬೇಕು.

7. ರಬ್ಬರ್ ವಾಷರ್ ಹೊಸದೇ ಹಾಕಿ. ನಟ್ಟುಗಳನ್ನು ಎದುರೆದುರು ಸ್ವಲ್ಪ ಸ್ವಲ್ಪವಾಗಿ ಬಿಗಿಯಿರಿ. ಫೋಟೊ ನೋಡಿ ವೈರ್ ಜೋಡಿಸಿ. ಅರ್ಥ್ ವೈರ್ ಬಿಟ್ಟಿಲ್ಲ ತಾನೇ?

8. ನೀರು ತುಂಬಿ, ಬಿಸಿನೀರಿನ ನಳದಲ್ಲಿ ಧಾರೆ ಬಂದ ಮೇಲೆ ಕಾಲು ಗಂಟೆ ಬಿಟ್ಟು ಸೋರಿಕೆ ನೋಡಿ. ಎಲ್ಲ ಒಣಗಿದ್ದರೆ ಮುಚ್ಚಳ ಹಾಕಿ. ಪ್ಲಗ್ ಕೊನೆಗೆ.

ಸುಣ್ಣ ಕಟ್ಟುವುದನ್ನು ಕಡಿಮೆ ಮಾಡಲು ಎರಡು ದಾರಿ ನಿಮ್ಮ ಕೈಯಲ್ಲೇ ಇವೆ. ನೀರು ಜಾಸ್ತಿ ಕಾದಷ್ಟೂ ಸುಣ್ಣ ಜಾಸ್ತಿ ಕಟ್ಟುತ್ತದೆ, ಆದ್ದರಿಂದ ಗುಬುಟನ್ನು ಕೊನೆಯವರೆಗೆ ತಿರುಗಿಸಿ 75 ಡಿಗ್ರಿಗೆ ಬಿಡಬೇಡಿ. 60 ಸಾಕು. ಇನ್ನೊಂದು ದಾರಿ ನನಗೆ ಎಲ್ಲಕ್ಕಿಂತ ಮುಖ್ಯ ಎನಿಸುತ್ತದೆ. ನಮ್ಮ ಎಷ್ಟೋ ಮನೆಗಳಲ್ಲಿ ಮಾಳಿಗೆ ಮೇಲೆ ಎರಡು ಟ್ಯಾಂಕ್ ಇರುತ್ತವೆ. ಒಂದು ಬೋರ್ ನೀರಿನದು, ಇನ್ನೊಂದು ಕೃಷ್ಣಾ ಅಥವಾ ತುಂಗಭದ್ರೆಯ ನಳದ ನೀರಿನದು. ಸಿಹಿ ನೀರನ್ನು ಅಡುಗೆಮನೆಗೆ ಮಾತ್ರ ಕೊಟ್ಟು ಬಚ್ಚಲಿಗೆ ಬೋರ್ ನೀರು ಬಿಟ್ಟಿರುತ್ತೇವೆ. ಗೀಸರಿನ ಒಂದು ಪೈಪನ್ನು ಮಾತ್ರ ಸಿಹಿ ನೀರಿನ ಟ್ಯಾಂಕಿಗೆ ಜೋಡಿಸಿ. ಬಿಸಿನೀರಿಗೆ ದಿನಕ್ಕೆ ಬೇಕಾಗುವುದು ಕೆಲವು ಬಕೆಟ್ ಅಷ್ಟೇ. ಪ್ಲಂಬರಿನ ಒಂದು ದಿನದ ಕೂಲಿಗೆ ಗೀಸರಿನ ಆಯುಸ್ಸು ವರ್ಷಗಟ್ಟಲೆ ಹೆಚ್ಚುತ್ತದೆ.

ಯಾರೂ ಕೇಳದ ರಾಡ್

ಕಾಯಿಲ್ ಬಿಚ್ಚಿದಾಗ ಪಕ್ಕದಲ್ಲೇ ಒಂದು ಬೂದು ಬಣ್ಣದ ಕೋಲು ಕಾಣುತ್ತದೆ, ಅಥವಾ ಬರೀ ಒಂದು ತಂತಿ ಉಳಿದಿರುತ್ತದೆ. ಅದೇ ಮೆಗ್ನೀಶಿಯಂ ರಾಡ್. ಟ್ಯಾಂಕಿನ ಕಬ್ಬಿಣ ತಿನ್ನಿಸಿಕೊಳ್ಳುವ ಬದಲು ಇದು ತಿನ್ನಿಸಿಕೊಳ್ಳುತ್ತದೆ. ಅರ್ಧಕ್ಕಿಂತ ಜಾಸ್ತಿ ಕರಗಿದ್ದರೆ ಬದಲಿಸಿ. ಬೋರ್ ನೀರಿನಲ್ಲಿ ಒಂದೆರಡು ವರ್ಷಕ್ಕೇ ಮುಗಿಯುತ್ತದೆ. ಟ್ಯಾಂಕ್ ತೂತಾಗುವುದು ಹೆಚ್ಚಾಗಿ ಈ ರಾಡ್ ಮುಗಿದ ಮೇಲೆ. ಮೆಕ್ಯಾನಿಕ್‌ಗಳು ತಾವಾಗಿ ಹೇಳುವುದು ಕಡಿಮೆ, ನೀವೇ ಕೇಳಿ.

ಬಿಸಿನೀರಿಗೆ ಕೊಳೆತ ಮೊಟ್ಟೆಯ ವಾಸನೆ ಬಂದರೂ ಈ ರಾಡ್ ನೆನಪಿರಲಿ. ತಿಂಗಳುಗಟ್ಟಲೆ ನಿಂತ ನೀರಿನಲ್ಲಿ ಒಂದು ಬಗೆಯ ಬ್ಯಾಕ್ಟೀರಿಯಾ ಬೆಳೆದು, ರಾಡಿನ ಜೊತೆ ಸೇರಿ ಆ ವಾಸನೆ ಹುಟ್ಟಿಸುತ್ತದೆ. ಹಳೆ ನೀರೆಲ್ಲ ಹೊರಗೆ ಚೆಲ್ಲಿ, ಹೊಸ ನೀರು ತುಂಬಿ, ಒಂದು ಸಲ 70 ಡಿಗ್ರಿವರೆಗೆ ಕಾಯಿಸಿ ಅದನ್ನೂ ಚೆಲ್ಲಿ. ವಾಸನೆ ಮತ್ತೆ ಮತ್ತೆ ಬಂದರೆ ಅಲ್ಯೂಮಿನಿಯಂ-ಸತು ಬೆರೆತ ರಾಡ್ ಹಾಕಿಸಿ.

ಬಿಸಿನೀರು ಸಣ್ಣ ದಾರದಂತೆ ಬರುತ್ತದೆ

ತಣ್ಣೀರು ಜೋರಾಗಿ ಬಂದು ಬಿಸಿನೀರು ಮಾತ್ರ ಸಣ್ಣಗಾದರೆ ದಾರಿಯಲ್ಲಿ ಸುಣ್ಣ. ಮೊದಲು ಶವರಿನ ತಲೆ, ನಳದ ಜಾಲರಿ ಬಿಚ್ಚಿ ನಿಂಬೆ ಉಪ್ಪಿನ ನೀರಿನಲ್ಲಿ ನೆನೆಸಿ. ಆಮೇಲೆ ಗೀಸರಿನ ಕನೆಕ್ಷನ್ ಪೈಪ್ ಬಿಚ್ಚಿ ನೋಡಿ. ಹೊರಗೆ ಸ್ಟೀಲ್ ಹೆಣಿಗೆ ಚೆನ್ನಾಗಿದ್ದರೂ ಒಳಗಿನ ರಬ್ಬರ್ ಕುಸಿದಿರುತ್ತದೆ. ಕೊನೆಗೆ ತಣ್ಣೀರಿನ ವಾಲ್ವ್. ಎರಡೂ ನೀರು ಸಣ್ಣಗಿದ್ದರೆ ಗೀಸರಿಗೆ ಸಂಬಂಧವಿಲ್ಲ. ಟ್ಯಾಂಕಿನ ಎತ್ತರ ಹತ್ತು ಮೀಟರ್ ಇದ್ದರೆ ಸಿಗುವ ಒತ್ತಡ ಒಂದು ಬಾರ್. ಒಂದೇ ಅಂತಸ್ತಿನ ಮನೆಯಲ್ಲಿ ಅದರ ಕಾಲು ಭಾಗವೂ ಕಷ್ಟ.

ಗ್ಯಾಸ್ ಗೀಸರ್ ಇದ್ದರೆ

ಹೊತ್ತಿಕೊಳ್ಳುತ್ತಿಲ್ಲ ಎಂದರೆ ಮೊದಲು ಬ್ಯಾಟರಿ ಬದಲಿಸಿ, ಆಮೇಲೆ ನೀರಿನ ಒತ್ತಡ ನೋಡಿ. ನೀರು ಸಾಕಷ್ಟು ರಭಸವಾಗಿ ಹರಿಯದಿದ್ದರೆ ಅದು ಹೊತ್ತುವುದೇ ಇಲ್ಲ. ಜ್ವಾಲೆ ನೀಲಿಯಾಗಿರಬೇಕು. ಹಳದಿಯಾಗಿ ಮಸಿ ಕಟ್ಟುತ್ತಿದ್ದರೆ ಕೂಡಲೇ ನಿಲ್ಲಿಸಿ ರಿಪೇರಿ ಮಾಡಿಸಿ. ಬಾಗಿಲು ಮುಚ್ಚಿದ ಬಚ್ಚಲಿನಲ್ಲಿ ಗ್ಯಾಸ್ ಗೀಸರ್ ಉರಿದರೆ ಕಾರ್ಬನ್ ಮೊನಾಕ್ಸೈಡ್ ತುಂಬುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಜಳಕಕ್ಕೆ ಹೋದವರು ಅಲ್ಲೇ ಪ್ರಜ್ಞೆ ತಪ್ಪುತ್ತಾರೆ, ಜೀವವೂ ಹೋಗುತ್ತದೆ. ಕಿಟಕಿ ಇದೆ ಎಂದು ಸಮಾಧಾನ ಪಡಬೇಡಿ. ಗೀಸರನ್ನೇ ಬಚ್ಚಲಿನ ಹೊರಗೆ, ಗಾಳಿಯಾಡುವ ಜಾಗಕ್ಕೆ ಸಾಗಿಸಿ.

ಹೊಸದು ತರಲೇಬೇಕಾದಾಗ

ಟ್ಯಾಂಕ್ ತೂತಾದರೆ, ಅಥವಾ ಹೊರಮೈ ತುಕ್ಕು ಹಿಡಿದು ಗೋಡೆಯ ಕೊಕ್ಕೆಯೇ ಸಡಿಲಾಗಿದ್ದರೆ ರಿಪೇರಿಗೆ ದುಡ್ಡು ಹಾಕಬೇಡಿ. 25 ಲೀಟರ್ ನೀರು ತುಂಬಿದ ಗೀಸರ್ ತಲೆ ಮೇಲೆ ತೂಗುತ್ತಿರುತ್ತದೆ. ಹೊಸದರಲ್ಲಿ ಐಎಸ್ಐ ಗುರುತು ನೋಡಿ. ನಂತರ ಕೇಳಬೇಕಾದದ್ದು ಬಣ್ಣವಲ್ಲ, ವೈಫೈ ಅಲ್ಲ. ಗಡಸು ನೀರಿಗೆ ತಕ್ಕ ಕಾಯಿಲ್ ಇದೆಯೇ, ರಾಡ್ ದಪ್ಪವಿದೆಯೇ, ಅದರ ಬಿಡಿಭಾಗ ರಾಯಚೂರಿನಲ್ಲೋ ಕೊಪ್ಪಳದಲ್ಲೋ ಸಿಗುತ್ತದೆಯೇ ಎಂದು ಕೇಳಿ. ಬೋರ್ ನೀರಿಗೆ ವಾರಂಟಿ ನಡೆಯುತ್ತದೆಯೇ ಎಂದು ಕಾರ್ಡಿನಲ್ಲಿ ಓದಿ ನೋಡಿ.

ಕೂಡಿಸಲು ಬಂದವರಿಗೆ ಮೂರು ಕೆಲಸ ಹೇಳಿ. ತಣ್ಣೀರಿನ ಪೈಪಿಗೆ ಪ್ರತ್ಯೇಕ ಬಂದ್ ಮಾಡುವ ವಾಲ್ವ್ ಹಾಕಲಿ. ಒತ್ತಡದ ವಾಲ್ವಿನ ಬಾಯಿಗೆ ಪೈಪ್ ಹಾಕಿ ಮೋರಿಗೆ ಬಿಡಲಿ. ಗೀಸರಿನ ಕೆಳಗೆ ಒಂದು ಗೇಣಾದರೂ ಜಾಗ ಬಿಡಲಿ, ಇಲ್ಲದಿದ್ದರೆ ಮುಂದೆ ಕಾಯಿಲ್ ಇಳಿಸಲು ಇಡೀ ಗೀಸರನ್ನೇ ಗೋಡೆಯಿಂದ ತೆಗೆಯಬೇಕಾಗುತ್ತದೆ. ಅವರು ಹೋದ ಮೇಲೆ ಕೂಡಿಸಿದ ತಿಂಗಳು, ವರ್ಷವನ್ನು ಮಾರ್ಕರ್ ಪೆನ್ನಿನಿಂದ ಗೀಸರಿನ ಮೈಮೇಲೆ ಬರೆಯಿರಿ. ರಾಡ್ ಬದಲಿಸಿದ ದಿನವನ್ನೂ ಅದರ ಕೆಳಗೆ ಬರೆಯುತ್ತಾ ಹೋಗಿ.